ಜಿಪಿಎಸ್ ದೀಪ ಮಿನುಗುತ್ತಿದೆ, ಓಪನ್‌ಸಿಪಿಎನ್ ನಕ್ಷೆಯಲ್ಲಿ ಬೋಟ್ ಮಾತ್ರ ಕದಲುತ್ತಿಲ್ಲ. ಏನು ಮಾಡಲಿ?

ತೊಂದರೆಯ ಬಗ್ಗೆ ನೀವು ಬರೆದದ್ದು ಮೂರು ಸಂಗತಿ. ಮಲ್ಪೆಯ ಬೋಟಿನಲ್ಲಿ ವಿಂಡೋಸ್ ಲ್ಯಾಪ್‌ಟಾಪಿಗೆ ಯುಎಸ್‌ಬಿ ಜಿಪಿಎಸ್ ರಿಸೀವರ್ ಚುಚ್ಚಿದ್ದೀರಿ, ಅದರ ದೀಪ ಮಿನುಗುತ್ತಿದೆ. ಸಮುದ್ರದ ನಕ್ಷೆ ತೋರಿಸುವ ಓಪನ್‌ಸಿಪಿಎನ್ ತಂತ್ರಾಂಶದಲ್ಲಿ ಬೋಟಿನ ಗುರುತು ಬೂದು ಬಣ್ಣದಲ್ಲೇ ನಿಂತಿದೆ, ಸ್ಥಾನ ಸಿಕ್ಕಾಗ ಆಗಬೇಕಾದಂತೆ ಕೆಂಪಾಗುತ್ತಿಲ್ಲ. ಕೊನೆಯಲ್ಲಿ, ಸಂಬಂಧವಿಲ್ಲದ ಮಾತೆಂಬಂತೆ, ‘ಇತ್ತೀಚೆಗೆ ಮೌಸ್ ಬಾಣವೂ ತನ್ನಷ್ಟಕ್ಕೆ ಪರದೆಯ ತುಂಬ ಓಡುತ್ತದೆ’ ಎಂದಿದ್ದೀರಿ. ನನ್ನ ಪ್ರಕಾರ ತೊಂದರೆಯ ಬೇರು ಆ ಕೊನೆಯ ಸಾಲಿನಲ್ಲೇ ಇದೆ.

ರಿಸೀವರ್ ವಿದ್ಯುತ್ ಸಿಕ್ಕ ಕೂಡಲೇ ಸೆಕೆಂಡಿಗೊಮ್ಮೆ ಅಕ್ಷರಗಳ ಸಾಲುಗಳನ್ನು ಸೀರಿಯಲ್ ಪೋರ್ಟಿಗೆ (ಮಾಹಿತಿ ಒಂದರ ಹಿಂದೊಂದಾಗಿ ಹರಿಯುವ ಸಂಪರ್ಕದ್ವಾರ) ಕಳಿಸಲು ಆರಂಭಿಸುತ್ತದೆ. ಹಿಂದಿನ ಕಾಲದ ಮೌಸುಗಳು ಕೂಡ ಸೀರಿಯಲ್ ಪೋರ್ಟಿಗೇ ಜೋಡಣೆಯಾಗುತ್ತಿದ್ದವು, ಅವುಗಳನ್ನು ಗುರುತಿಸುವ ವ್ಯವಸ್ಥೆ ವಿಂಡೋಸ್‌ನಲ್ಲಿ ಇನ್ನೂ ಉಳಿದಿದೆ. ಜಿಪಿಎಸ್ ಸಾಲುಗಳನ್ನು ಅದು ಮೌಸಿನ ಚಲನೆ ಎಂದು ತಪ್ಪು ತಿಳಿದು ಪೋರ್ಟನ್ನು ತಾನೇ ಹಿಡಿದುಕೊಳ್ಳುತ್ತದೆ. ಬಾಣ ಓಡುವುದು ಅದಕ್ಕೇ, ಓಪನ್‌ಸಿಪಿಎನ್‌ಗೆ ಏನೂ ಸಿಗದಿರುವುದೂ ಅದಕ್ಕೇ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ (ಜೋಡಿಸಿದ ಸಾಧನಗಳ ಪಟ್ಟಿ) ತೆರೆದು ಮೌಸ್‌ಗಳ ಪಟ್ಟಿಯಲ್ಲಿ ‘ಸೀರಿಯಲ್ ಮೌಸ್’ ಅಥವಾ ‘ಸೀರಿಯಲ್ ಬಾಲ್‌ಪಾಯಿಂಟ್’ ಎಂಬ ಹೆಸರು ಹುಡುಕಿ, ಅದನ್ನು ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಬೇಡಿ, ಮುಂದಿನ ಸಲ ಲ್ಯಾಪ್‌ಟಾಪ್ ಆನ್ ಮಾಡಿದಾಗ ಮತ್ತೆ ಬಂದು ಕೂರುತ್ತದೆ. ಬಾಣ ಓಡುತ್ತಿರುವಾಗ ಕ್ಲಿಕ್ ಮಾಡಲು ಹೋದರೆ ಬೇಡದ್ದೇನಾದರೂ ಅಳಿಸಿಹೋದೀತು. ಕೀಲಿಮಣೆಯಿಂದಲೇ ಆ ಹೆಸರಿನ ಮೇಲೆ ಹೋಗಿ ಶಿಫ್ಟ್ ಹಾಗೂ ಎಫ್10 ಒಟ್ಟಿಗೆ ಒತ್ತಿದರೆ ಬಲ ಕ್ಲಿಕ್ಕಿನ ಪಟ್ಟಿ ತೆರೆಯುತ್ತದೆ.

ನಂತರ ಅಲ್ಲೇ ಪೋರ್ಟುಗಳ ಪಟ್ಟಿಯಲ್ಲಿ ರಿಸೀವರಿಗೆ ಯಾವ ಕಾಮ್ ಸಂಖ್ಯೆ (COM, ಪೋರ್ಟಿನ ಗುರುತಿನ ಸಂಖ್ಯೆ) ಬಂದಿದೆ ಎಂದು ಬರೆದಿಟ್ಟುಕೊಳ್ಳಿ. ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಈ ಸಂಖ್ಯೆ ಬದಲಾಗಬಹುದು, ಆದ್ದರಿಂದ ಒಂದು ಕಿಂಡಿಗೆ ಬಣ್ಣದ ಟೇಪ್ ಅಂಟಿಸಿ ಅದನ್ನು ಜಿಪಿಎಸ್‌ಗೇ ಮೀಸಲಿಡಿ. ಓಪನ್‌ಸಿಪಿಎನ್‌ನ ಆಪ್ಷನ್ಸ್‌ನಲ್ಲಿ ಕನೆಕ್ಷನ್ಸ್ ಪುಟಕ್ಕೆ ಹೋಗಿ ಸೀರಿಯಲ್ ಸಂಪರ್ಕವೊಂದನ್ನು ಸೇರಿಸಿ, ಅದೇ ಸಂಖ್ಯೆ ಕೊಡಿ. ಬಾಡ್ ದರಕ್ಕೆ, ಅಂದರೆ ಮಾಹಿತಿ ಹರಿಯುವ ವೇಗಕ್ಕೆ, ಮೊದಲು 4800 ಹಾಕಿ, ಆಗದಿದ್ದರೆ 9600. ದರ ಹೊಂದದಿದ್ದರೆ ಸಾಲುಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಸುರಿಯುತ್ತವೆ.

ಈ ಸಾಲುಗಳನ್ನು ನೀವು ಕಣ್ಣಾರೆ ನೋಡಬೇಕು ಎಂಬುದು ನನ್ನ ಬಲವಾದ ಸಲಹೆ. ಬಂದದ್ದನ್ನು ಬಂದ ಹಾಗೆಯೇ ತೋರಿಸುವ ಕಿಟಕಿ ಓಪನ್‌ಸಿಪಿಎನ್‌ನಲ್ಲೇ ಇದೆ. ಅದರಲ್ಲಿ ‘ಜಿಪಿಆರ್‌ಎಂಸಿ’ ಅಥವಾ ‘ಜಿಎನ್‌ಆರ್‌ಎಂಸಿ’ ಎಂದು ಶುರುವಾಗುವ ಸಾಲನ್ನು ಹಿಡಿಯಿರಿ. ಮೊದಲು ಸಮಯವಿರುತ್ತದೆ. ಬೆಳಗಿನ ಆರು ಗಂಟೆಗೆ ಅಲ್ಲಿ 003000 ಎಂದು ಕಂಡರೆ ತಪ್ಪಲ್ಲ, ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ಐದೂವರೆ ಗಂಟೆ ಕೂಡಿಸಿಕೊಳ್ಳಿ. ಸಮಯದ ನಂತರ ಒಂದೇ ಒಂದು ಇಂಗ್ಲಿಷ್ ಅಕ್ಷರ: ‘ಎ’ ಅಥವಾ ‘ವಿ’. ‘ಎ’ ಇದ್ದರೆ ಸ್ಥಾನ ಸಿಕ್ಕಿದೆ. ‘ವಿ’ ಇದ್ದರೆ ರಿಸೀವರ್ ಇನ್ನೂ ಉಪಗ್ರಹಗಳನ್ನು ಹುಡುಕುತ್ತಿದೆ, ನೀವು ಲ್ಯಾಪ್‌ಟಾಪಿನಲ್ಲಿ ಏನು ಬದಲಾಯಿಸಿದರೂ ಪ್ರಯೋಜನವಿಲ್ಲ. ಆಗ ಯುಎಸ್‌ಬಿ ವಿಸ್ತರಣಾ ಕೇಬಲ್ ಹಾಕಿ ರಿಸೀವರನ್ನು ಆಕಾಶ ಕಾಣುವ ಕಡೆ ಇಡಿ. ಫೈಬರ್ ಮಾಡಿನ ಮೂಲಕ ಸಂಕೇತ ಒಳಗೆ ಬರುತ್ತದೆ, ಕಬ್ಬಿಣದ ಮಾಡಿನ ಮೂಲಕ ಬರುವುದಿಲ್ಲ. ಬಹಳ ದಿನ ಬಳಸದ ರಿಸೀವರ್ ಆದರೆ ತಾಳ್ಮೆ ಬೇಕು: ಉಪಗ್ರಹಗಳ ಪೂರ್ಣ ಪಂಚಾಂಗ (ಯಾವ ಉಪಗ್ರಹ ಎಲ್ಲಿರುತ್ತದೆಂಬ ಪಟ್ಟಿ) ಬಿತ್ತರವಾಗಲು 12.5 ನಿಮಿಷ ಹಿಡಿಯುತ್ತದೆ.

‘ಎ’ ಬರುತ್ತಿದ್ದೂ ಕೆಲಸ ಕೆಟ್ಟ ಅನುಭವ ನನಗೂ ಇದೆ. ಮಂಗಳೂರಿನ ಧಕ್ಕೆಯಲ್ಲಿ ಗೆಳೆಯರೊಬ್ಬರ ಬೋಟಿನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಸಾಲುಗಳು ನಿಂತುಬಿಡುತ್ತಿದ್ದವು. ಎರಡು ಸಂಜೆ ತಂತ್ರಾಂಶವನ್ನೇ ತೆಗೆದು ಹಾಕಿ ಮಾಡಿದೆವು. ಕೊನೆಗೆ ರಿಸೀವರನ್ನು ಕಿತ್ತು ಟಾರ್ಚ್ ಹಿಡಿದು ನೋಡಿದರೆ, ಯುಎಸ್‌ಬಿ ತುದಿಯೊಳಗಿನ ನಾಲ್ಕು ಹಳದಿ ಪಟ್ಟಿಗಳಲ್ಲಿ ಎರಡರ ಮೇಲೆ ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದಿತ್ತು. ಎಂಜಿನಿನ ಅದುರಾಟಕ್ಕೆ ಸಂಪರ್ಕ ತಪ್ಪುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಉಜ್ಜಿದ ಮೇಲೆ, ಕೇಬಲ್ಲನ್ನು ಮೇಜಿಗೆ ಬಿಗಿದು ಕಟ್ಟಿದ ಮೇಲೆ ಸರಿಹೋಯಿತು. ನಿಮ್ಮದನ್ನೂ ಒಮ್ಮೆ ಹಾಗೆ ನೋಡಿ. ಇನ್ನೊಂದು: ರಿಸೀವರ್ ಜೊತೆ ಬಂದ ತಪಾಸಣಾ ತಂತ್ರಾಂಶ ತೆರೆದಿದ್ದರೆ ಮುಚ್ಚಿ. ಒಂದು ಕಾಮ್ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ತಂತ್ರಾಂಶ ಬಳಸಬಹುದು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ತಾಂಡೇಲರ (ಬೋಟ್ ನಡೆಸುವವರ) ಹಳೆಯ ಪುಸ್ತಕದಲ್ಲಿರುವ, ಬಲೆ ಹರಿಯುವ ಕಲ್ಲುಗಳ ಜಾಗವನ್ನೆಲ್ಲ ಲ್ಯಾಪ್‌ಟಾಪಿಗೆ ಏರಿಸುವ ಯೋಚನೆ ಇದೆ ಎಂದಿದ್ದೀರಿ. ಆ ಪುಸ್ತಕದಲ್ಲಿ ‘13 20.985’ ಎಂದಿದ್ದರೆ ಅದು 13 ಡಿಗ್ರಿ, 20.985 ಮಿನಿಟ್. ಅದನ್ನು 13.20985 ಡಿಗ್ರಿ ಎಂದು ಬರೆದರೆ ಗುರುತು ಸುಮಾರು ಹದಿನೈದೂವರೆ ಕಿಲೋಮೀಟರ್ ದಕ್ಷಿಣಕ್ಕೆ ಬೀಳುತ್ತದೆ. ಮಿನಿಟನ್ನು 60ರಿಂದ ಭಾಗಿಸಿ ಕೂಡಿಸಿದರೆ ಸರಿಯಾದ ಉತ್ತರ 13.34975. ಮೊದಲು ಮಲ್ಪೆಯ ಅಳಿವೆಬಾಗಿಲಿನಂಥ ಗೊತ್ತಿರುವ ಜಾಗವೊಂದನ್ನು ಹಾಕಿ, ಬೋಟ್ ಅಲ್ಲಿರುವಾಗ ತಾಳೆ ನೋಡಿ. ಸರಿಯಾದರೆ ಉಳಿದದ್ದನ್ನು ಏರಿಸಿ. ಎಲ್ಲವೂ ಸರಿಹೋದ ಮೇಲೂ ದಿಕ್ಸೂಚಿಯನ್ನೂ ಬೋಟಿನ ಹಳೆಯ ಜಿಪಿಎಸ್ಸನ್ನೂ ದಯವಿಟ್ಟು ಕಳಚಬೇಡಿ. ಒಂದು ಅಲೆಯ ನೀರು ಕೀಲಿಮಣೆಗೆ ಬಿದ್ದರೆ ಲ್ಯಾಪ್‌ಟಾಪ್ ಅಲ್ಲಿಗೇ ಮುಗಿಯಿತು, ಬೋಟಿನಲ್ಲಿ ಜನರಿರುತ್ತಾರೆ.

ಮೌಸ್ ತೊಂದರೆ ನಿಂತ ಮೇಲೂ ಗುರುತು ಬೂದಾಗಿಯೇ ಉಳಿದರೆ, ಸಮಯದ ಪಕ್ಕದಲ್ಲಿ ‘ಎ’ ಇದೆಯೋ ‘ವಿ’ ಇದೆಯೋ, ಅಥವಾ ಸಾಲೇ ಬರುತ್ತಿಲ್ಲವೋ ನೋಡಿ ಇಲ್ಲೇ ಬರೆಯಿರಿ. ಅಲ್ಲಿಂದ ಮುಂದೆ ನೋಡೋಣ.