ಆ ಕರಿ ಪುಡಿ ನಿಮ್ಮ ಲೇಖನದಲ್ಲಿಲ್ಲ

ನಮಸ್ಕಾರ.

ಕಬ್ಬಿಣ, ಉಕ್ಕಿನ ಪರೀಕ್ಷೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು. ಲ್ಯಾಬಿನಲ್ಲಿ ಕೆಲಸ ಮಾಡುವವರು ಕನ್ನಡದಲ್ಲಿ ಬರೆಯುವುದು ಕಡಿಮೆ, ನೀವು ಬರೆದದ್ದು ಸಂತೋಷ. ಆದರೆ ಎರಡು ವಾಕ್ಯ ನನ್ನನ್ನು ಬಿಡುತ್ತಿಲ್ಲ.

ಮೊದಲನೆಯದು: ‘ಎರಕದ ಕಬ್ಬಿಣದ ಮಾದರಿಯನ್ನು ಸಂಗ್ರಹಿಸಿ, ಶುದ್ಧಗೊಳಿಸಿ, ಕಾರ್ಬನ್ ಪರೀಕ್ಷೆಗೆ ಒಳಪಡಿಸಲಾಗುತ್ತದೆ.’

ಯಾರು ಸಂಗ್ರಹಿಸಿದರು? ಯಾವುದರಿಂದ? ‘ಶುದ್ಧಗೊಳಿಸಿ’ ಅಂದರೆ ಏನು ಮಾಡಿದಿರಿ? ಆ ಒಂದು ಪದಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂತು. ಕಾರಣ ಇದೆ.

ಪತ್ರಿಕೆಗೆ ಬರುವ ಮೊದಲು ನಾನು ಒಂದು ಫೌಂಡ್ರಿಯ ಲ್ಯಾಬಿನಲ್ಲಿ ಟ್ರೈನಿ ಆಗಿದ್ದೆ. ಬೂದು ಎರಕದ ಕಬ್ಬಿಣದ ತುಂಡಿಗೆ ಡ್ರಿಲ್ ಹಾಕಿ ಚೂರು ತೆಗೆಯುವುದು ನನ್ನ ಕೆಲಸ. ಚೂರಿನ ಜೊತೆ ಕಾಗದದ ಮೇಲೆ ನುಣ್ಣನೆಯ ಕರಿ ಪುಡಿ ಬೀಳುತ್ತಿತ್ತು. ಕೊಳೆ ಅಂದುಕೊಂಡು ಒಂದು ದಿನ ಉಫ್ ಎಂದು ಊದಿಬಿಟ್ಟೆ. ಹೊಳೆಯುವ ಚೂರನ್ನಷ್ಟೇ ತೂಗಿ ಆಮ್ಲಜನಕದಲ್ಲಿ ಸುಟ್ಟೆವು. ಶೇ. 3.4 ಬರಬೇಕಾದ ಕಾರ್ಬನ್ 2.9 ಬಂತು. ಹಿರಿಯ ಕೆಮಿಸ್ಟ್ ಆ ಕಾಗದ ತರಿಸಿದರು. ಅದರ ಮೇಲೆ ಬೆರಳು ಒರೆಸಿ, ಪೆನ್ಸಿಲ್ ಸೀಸ ಮೆತ್ತಿದ ಹಾಗೆ ಕಪ್ಪಾದ ಬೆರಳು ತೋರಿಸಿದರು. ‘ನೀನು ಊದಿದ್ದೇ ಕಾರ್ಬನ್ನು ಕಣಯ್ಯ’ ಅಂದರು.

ಬೂದು ಎರಕದಲ್ಲಿ ಕಾರ್ಬನ್ನಿನ ಹೆಚ್ಚು ಪಾಲು ಗ್ರಾಫೈಟ್ ಆಗಿ, ಅಂದರೆ ಪೆನ್ಸಿಲ್ ಸೀಸದಲ್ಲಿರುವ ಕರಿ ವಸ್ತುವಾಗಿ, ಬೇರೆಯಾಗಿಯೇ ಕೂತಿರುತ್ತದೆ. ಡ್ರಿಲ್ ತಗುಲಿದರೆ ಉದುರುತ್ತದೆ. ಇದು ನಿಮಗೆ ಗೊತ್ತು, ದಿನಾ ನೋಡುತ್ತೀರಿ. ಹಾಗಿದ್ದೂ ಯಾಕೆ ಬರೆಯಲಿಲ್ಲ?

ಎರಡನೆಯದು: ‘ರಾಸಾಯನಿಕ ಕ್ರಿಯೆಯ ಮೂಲಕ ಮ್ಯಾಂಗನೀಸ್ ಪ್ರಮಾಣವನ್ನು ನಿರ್ಧರಿಸಲಾಗುತ್ತದೆ.’

ಯಾವ ಕ್ರಿಯೆ? ಉಕ್ಕಿನ ಚೂರನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತೀರಿ. ಕಬ್ಬಿಣದ ಹಳದಿ ಅಡ್ಡ ಬರದಿರಲಿ ಅಂತ ಫಾಸ್ಫರಿಕ್ ಆಮ್ಲ ಸೇರಿಸುತ್ತೀರಿ. ಪೊಟ್ಯಾಸಿಯಂ ಪರ್‌ಅಯೊಡೇಟ್ ಹಾಕಿ ಕುದಿಸುತ್ತೀರಿ. ನೋಡನೋಡುತ್ತಲೇ ಬೀಕರಿನಲ್ಲಿ ನೇರಳೆಗೆಂಪು ಏರುತ್ತದೆ, ಅಲ್ವಾ? ಮ್ಯಾಂಗನೀಸ್ ಜಾಸ್ತಿ ಇದ್ದಷ್ಟೂ ಬಣ್ಣ ಗಾಢ. ಹಳ್ಳಿಯಲ್ಲಿ ಬಾವಿಗೆ ಪರ್ಮಾಂಗನೇಟ್ ಹಾಕುತ್ತಿದ್ದರಲ್ಲ, ಅದೇ ಬಣ್ಣ, ಅದೇ ವಸ್ತು. ಇಷ್ಟು ಹೇಳಿದರೆ ಓದುಗರು ನಿಮ್ಮ ಪಕ್ಕ ಬಂದು ನಿಲ್ಲುತ್ತಾರೆ. ಸುಮ್ನೆ ‘ನಿರ್ಧರಿಸಲಾಗುತ್ತದೆ’ ಅಂದರೆ ಅವರಿಗೆ ಏನು ಕಾಣಬೇಕು?

ಲೇಖನದಲ್ಲಿ ಸ್ಪೆಕ್ಟ್ರೋಮೀಟರ್ (ಬೆಳಕು ನೋಡಿ ಲೋಹದ ಅಂಶ ಅಳೆಯುವ ಯಂತ್ರ) ಬಗ್ಗೆ ಇರುವ ಭಾಗವನ್ನು ನಾನು ಮುಟ್ಟಿಲ್ಲ. ಈ ಎರಡು ಪ್ಯಾರಾ ಮಾತ್ರ ಹೊಸದಾಗಿ ಬರೆಯಿರಿ. ‘ಲಾಗುತ್ತದೆ’ ಒಂದೂ ಬೇಡ, ‘ನಾನು’ ಅಂತಲೇ ಶುರು ಮಾಡಿ. ಆ ಕರಿ ಪುಡಿಯನ್ನು ನೀವು ಹೇಗೆ ಜೋಪಾನ ಮಾಡುತ್ತೀರಿ ಎಂದು ಓದಲು ಕಾಯುತ್ತಿರುತ್ತೇನೆ.