ನಮ್ಮಪ್ಪ ಹೃದಯದ ಬಡಿತದ ತೊಂದರೆಗೆ ಕೊಟ್ಟ ರಕ್ತ ತೆಳು ಮಾಡುವ ಮಾತ್ರೆಯನ್ನು ಆಗಾಗ ಬಿಡುತ್ತಾರೆ. ಯಾಕೆ ಹೀಗೆ?

ಮುಖ್ಯ ಕಾರಣ, ಮಾತ್ರೆಯ ಲಾಭ ಕಣ್ಣಿಗೆ ಕಾಣುವುದಿಲ್ಲ. ತಪ್ಪಿಹೋದ ಲಕ್ವ ಯಾರಿಗೂ ಗೊತ್ತಾಗುವುದಿಲ್ಲ, ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತ ಮಾತ್ರ ಹೆದರಿಸುತ್ತದೆ. ಹೀಗೆ ಬಿಡುವವರು ನಿಮ್ಮ ತಂದೆ ಒಬ್ಬರೇ ಅಲ್ಲ.

ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆ ರಕ್ತವನ್ನು ಸರಿಯಾಗಿ ದೂಡದೆ ಸುಮ್ನೆ ಅದುರುತ್ತದೆ. ನಾಲೆಯ ಮೂಲೆಯಲ್ಲಿ ನೀರು ನಿಲ್ಲುತ್ತದಲ್ವಾ, ಹಾಗೆ ಅಲ್ಲಿರುವ ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಅಪಾಯ ಬೇರೆಯವರಿಗಿಂತ ಸುಮಾರು 5 ಪಟ್ಟು ಜಾಸ್ತಿ. ಬಡಿತ ಸರಿಯಾಗಿದೆ ಅನಿಸಿದ ದಿನವೂ ಇದು ಆಗಬಹುದು.

ಆ ರಕ್ತ ತೆಳು ಮಾಡುವ ಮಾತ್ರೆ ವಾರ್ಫರಿನ್ ಆದರೆ ಇನ್ನೊಂದು ತೊಡಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಅದರ ಕೆಲಸ ತಗ್ಗಿಸುತ್ತದೆ. ಹಾಗಂತ ಮಂಡ್ಯದವರು ಮುದ್ದೆ ಜೊತೆ ಬಸ್ಸಾರು, ಮಸ್ಸೊಪ್ಪು ಬಿಡೋಕಾಗುತ್ತಾ? ಬಿಡಬೇಕಿಲ್ಲ, ಪ್ರತಿ ವಾರವೂ ಹೆಚ್ಚುಕಡಿಮೆ ಅಷ್ಟೇ ತಿಂದರೆ ಸಾಕು. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ಮಾತ್ರ ತಪ್ಪಿಸಬಾರದು. ಸಾಮಾನ್ಯವಾಗಿ ಅದು 2ರಿಂದ 3ರ ನಡುವೆ ಇರಬೇಕು.

ಇದೇ ಕೆಲಸದ ಇನ್ನೊಂದು ಮಾತ್ರೆ ಎಪಿಕ್ಸಬಾನ್‌ಗೆ ಈ ಪರೀಕ್ಷೆ ಬೇಡ. ಆದರೆ ದಿನಕ್ಕೆ 2 ಸಲ ತಪ್ಪದೆ ಬೇಕು, ಅದರ ಬಲ ಬೇಗ ಇಳಿದುಬಿಡುತ್ತದೆ. ರಕ್ತ ಕಂಡರೆ ನೀವಾಗಿಯೇ ನಿಲ್ಲಿಸಬೇಡಿ, ಮೊದಲು ಡಾಕ್ಟರಿಗೆ ಹೇಳಿ.