ಕಮ್ಮಾರನನ್ನೇ ಕಡಿದುಹಾಕಿದರೆ ಕಥೆ ಮುಂದೆ ಹೋಗೋದು ಹೇಗೆ?

ಪ್ರಶ್ನೆ: ನಾವು ಐದು ಜನ ಗೆಳೆಯರು ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಕಥೆ ನಡೆಸುವ ಡಿಎಂ ನಾನೇ. ಹೋದ ವಾರ ಹಳ್ಳಿಯ ಕಮ್ಮಾರ ಕತ್ತಿಯ ಬೆಲೆ ಇಳಿಸಲಿಲ್ಲ ಅಂತ ಒಬ್ಬ ಆಟಗಾರ ಅವನನ್ನು ಕಡಿದುಹಾಕಿದ. ಪಾಳುಕೋಟೆಯ ದಾರಿ ಗೊತ್ತಿದ್ದದ್ದು ಆ ಕಮ್ಮಾರನಿಗೆ ಮಾತ್ರ! ಇನ್ನು ಮೇಲೆ ಇಂಥವರ ಮೇಲೆ ಕೈ ಮಾಡುವ ಹಾಗಿಲ್ಲ ಅಂತ ಹೇಳಿಬಿಡಲಾ, ಇಲ್ಲ ಕಾವಲುಗಾರರನ್ನು ಕಳಿಸಿ ಬುದ್ಧಿ ಕಲಿಸಲಾ?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡೂ ಬೇಡ. ಮೊದಲು ಲೆಕ್ಕ ನೋಡಿ. ಆಟದ ಐದನೇ ಆವೃತ್ತಿಯ ನಿಯಮದಲ್ಲಿ ಸಾಮಾನ್ಯ ಹಳ್ಳಿಗನಿಗೆ ಇರುವುದು 4 ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಶಕ್ತಿಯ ಅಂಕ; ಅದು ಸೊನ್ನೆಯಾದರೆ ಬಿದ್ದ ಹಾಗೆ. ಉದ್ದಕತ್ತಿಯ ಏಟಿಗೆ ಎಂಟು ಮುಖದ ದಾಳ ಉರುಳಿಸಿ, ಅದಕ್ಕೆ ತೋಳ್ಬಲದ 3 ಸೇರಿಸಿದರೆ, ದಾಳ 1 ಬಿದ್ದರೂ 4 ಆಯಿತು. ಅಂದರೆ ಏಟು ತಾಗಿದರೆ ಸಾಕು, ಕಮ್ಮಾರ ಕೆಳಗೆ ಬಿದ್ದ ಹಾಗೆಯೇ. ಅವನು ಹೆದರುವುದಕ್ಕೆ, ಬೇಡಿಕೊಳ್ಳುವುದಕ್ಕೆ, ಓಡುವುದಕ್ಕೆ ಪುರುಸೊತ್ತೇ ಇಲ್ಲ. ಹಾಗಾಗಿ ನಿಮ್ಮ ಕೆಲಸ ಇರುವುದು ದಾಳ ಉರುಳುವ ಮುಂಚೆ.

"ಕತ್ತಿ ಎಳೆದೆ" ಅಂದ ಕೂಡಲೇ ದಾಳ ಕೇಳಬೇಡಿ. "ನಿನಗೆ ಏನಾಗಬೇಕು? ಅವನು ಸಾಯಬೇಕಾ, ಹೆದರಬೇಕಾ?" ಅಂತ ಕೇಳಿ. ಮುಕ್ಕಾಲು ಪಾಲು "ಹೆದರಿದರೆ ಸಾಕು" ಅನ್ನುತ್ತಾರೆ. ಆಗ ಕಮ್ಮಾರನ ಕೈಯಿಂದ ಸುತ್ತಿಗೆ ಜಾರಲಿ, ತಿದಿ ಒತ್ತುತ್ತಿದ್ದ ಮಗಳು ಹಾಗೇ ನಿಂತುಬಿಡಲಿ, ಅವನು ಅವಳನ್ನು ಹಿಂದಕ್ಕೆ ತಳ್ಳಿ "ಕತ್ತಿ ತಗೊಂಡು ಹೋಗಿ ಸ್ವಾಮಿ, ನಮ್ಮನ್ನು ಬಿಟ್ಟುಬಿಡಿ" ಅನ್ನಲಿ. ಇಷ್ಟು ಕಣ್ಣ ಮುಂದೆ ಕಂಡ ಮೇಲೂ ಏಟು ಹಾಕುವವರು ಕಡಿಮೆ. ಹಾಕಿದರೂ, ಕತ್ತಿ ಏಟಿನಲ್ಲಿ ಬಿದ್ದವನನ್ನು ಕೊಲ್ಲದೆ ಪ್ರಜ್ಞೆ ತಪ್ಪಿಸಬಹುದು ಅಂತ ನಿಯಮವೇ ಇದೆ. ಇದು ತುಂಬಾ ಆಟಗಾರರಿಗೆ ಗೊತ್ತೇ ಇರಲ್ಲ, ನೀವೇ ನೆನಪಿಸಿ.

ಕಾವಲುಗಾರರ ವಿಷಯ ನನಗೆ ಸ್ವಲ್ಪವೂ ಇಷ್ಟವಿಲ್ಲ. ಒಬ್ಬ ಕಾವಲುಗಾರನಿಗೆ 11 ಹಿಟ್ ಪಾಯಿಂಟ್, ಅಷ್ಟೇ. ನಾಲ್ಕೈದು ಜನರನ್ನು ಕಳಿಸಿದರೆ ಆಟಗಾರರು ಅವರನ್ನೂ ಕೊಂದು ಖುಷಿಪಡುತ್ತಾರೆ, ಇಪ್ಪತ್ತು ಜನರನ್ನು ಕಳಿಸಿದರೆ ನೀವು ಸೇಡು ತೀರಿಸಿಕೊಳ್ಳುತ್ತಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತದೆ, ಅಲ್ಲಿಗೆ ಸ್ನೇಹದಲ್ಲೂ ಹುಳಿ. ಅದರ ಬದಲು ಊರು ಊರಿನ ಹಾಗೆ ನಡೆದುಕೊಳ್ಳಲಿ. ಬಾಗಿಲುಗಳು ಮುಚ್ಚಲಿ. ಕುದುರೆಗೆ ಲಾಳ ಹೊಡೆಯುವವರು ಇರಲ್ಲ ಅಲ್ವಾ, ಅದೂ ತಟ್ಟಲಿ.

ಇನ್ನು ಪಾಳುಕೋಟೆಯ ದಾರಿ. ಒಂದೇ ಪಾತ್ರದ ಬಾಯಲ್ಲಿ ಇಡೀ ಕಥೆಯ ಬೀಗದ ಕೈ ಇಟ್ಟದ್ದು ನಿಮ್ಮ ತಪ್ಪು, ಬೇಜಾರಾಗಬೇಡಿ. ಆದರೆ ಈಗಲೂ ಕೆಟ್ಟಿಲ್ಲ. ನಿಮ್ಮಲ್ಲಿ ಐದನೇ ಲೆವೆಲ್ ಮುಟ್ಟಿದ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪೂಜಾರಿ ಪಾತ್ರ) ಇದ್ದರೆ, ಹೆಣದ ಜೊತೆ ಮಾತಾಡುವ ಮಂತ್ರ ಸಿಗುತ್ತದೆ. ಐದೇ ಪ್ರಶ್ನೆ ಕೇಳಬಹುದು. ಕೊಂದವರು ಕೇಳಿದರೆ ಹೆಣ ನಿಜವನ್ನೇ ಹೇಳಬೇಕು ಅಂತೇನೂ ಇಲ್ಲ. ಮಂತ್ರ ಇಲ್ಲದಿದ್ದರೆ, ಅಪ್ಪನ ಜೊತೆ ಕೋಟೆಗೆ ಕಬ್ಬಿಣ ಹೊತ್ತ ಮಗಳಿಗೆ ದಾರಿ ಗೊತ್ತಿರಲಿ. ಮುಂದಿನ ಭಾನುವಾರ ಆ ಹುಡುಗಿಯ ಮುಂದೆ ಹೋಗಿ ನಿಂತು ಕೇಳುವುದು ಅವರ ಪಾಡು.

ಒಬ್ಬನೇ ಪದೇ ಪದೇ ಹೀಗೆ ಮಾಡಿ ಉಳಿದವರ ಆಟ ಕೆಡಿಸುತ್ತಿದ್ದರೆ ಮಾತ್ರ ಕಥೆಯೊಳಗೆ ಮದ್ದು ಹುಡುಕಬೇಡಿ. ಆಟ ಮುಗಿದ ಮೇಲೆ ಟೀ ಕುಡಿಯುತ್ತಾ ನೇರವಾಗಿ ಮಾತಾಡಿ.